ಗೌರಿಯ ಬಲಗೈ

ಬೆಳಿಗ್ಗೆ ಬೀರು ಒರೆಸುತ್ತಿದ್ದೆ. ಹೇಳಿ ಹೇಳಿ ಸಾಕಾಗಿ ಹೆಂಡತಿ ಸವಿತಾ ತಾನೇ ಎದ್ದು ಹೊರಟಾಗ ಅವಳ ಕೈಯಿಂದ ಒರೆಸುವ ಬಟ್ಟೆ ಕಿತ್ತುಕೊಂಡೆ ಅನ್ನಿ. ಹಿಂದುಗಡೆ ಒಂದು ಪುಟ್ಟ ಹಳದಿ ಕಾಲುಚೀಲ ಸಿಕ್ಕಿತು. ಇದರ ಜೋಡಿ ಎಲ್ಲಿ ಎಂದು ಕೇಳಬೇಡಿ, ಇದನ್ನು ನಾವು ತೊಡಿಸುತ್ತಿದ್ದದ್ದು ಕೈಗೆ.

ಮಗಳು ಗೌರಿ ಕೂಸಾಗಿದ್ದಾಗ ಏನು ಕೊಟ್ಟರೂ ಎಡಗೈಯಲ್ಲೇ ಹಿಡಿಯುತ್ತಿದ್ದಳು. ನಮ್ಮವ್ವನೋ, ಎಡಗೈಯಲ್ಲಿ ಟಿಕೆಟ್ ಕೊಟ್ಟ ಕಂಡಕ್ಟರನಿಗೆ ತೂಬಗೆರೆಯಿಂದ ದೊಡ್ಡಬಳ್ಳಾಪುರದವರೆಗೂ ಬುದ್ಧಿ ಹೇಳಿಕೊಂಡು ಬಂದ ಹೆಂಗಸು. ಮೊಮ್ಮಗಳ ವಿಷಯದಲ್ಲಿ ಮಾತ್ರ ಶಾಸ್ತ್ರ ಸಡಿಲಾಯಿತು. ನಮ್ಮಪ್ಪ ಎಡಚರು, ಮಗ್ಗದ ಮುಂದೆ ಕೂತು ಎಡಗೈಯಲ್ಲೇ ದಾರಕ್ಕೆ ಗಂಟು ಹಾಕುತ್ತಿದ್ದರು. ಅವರು ಹೋದ ಮೇಲೆ ಹುಟ್ಟಿದ ಮಗು ಎಂದಮೇಲೆ ಇನ್ನೇನು, ಯಜಮಾನರೇ ಬಂದಿದ್ದಾರೆ ಎಂದು ಅವ್ವ ಕೇರಿಗೆಲ್ಲ ಸಾರಿದಳು. ನಾನೇನು ಕಡಿಮೆಯೇ? ಎಡಗೈ ಬ್ಯಾಟಿಂಗಿಗೆ ಈಗ ಬೆಲೆ ಜಾಸ್ತಿ ಎಂದು ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬರುವಾಗ ಪ್ಲಾಸ್ಟಿಕ್ ಬ್ಯಾಟು ತಂದೆ. ಕೂಸಿಗೆ ಇನ್ನೂ ನೆಟ್ಟಗೆ ಕೂರಲು ಬರುತ್ತಿರಲಿಲ್ಲ.

ಬಲಗೈ ಸದಾ ಮುಷ್ಟಿ ಕಟ್ಟಿಕೊಂಡಿರುತ್ತಿತ್ತು. ಅದರ ಕಡೆ ಯಾರ ಗಮನವೂ ಹೋಗಲಿಲ್ಲ. ಲಸಿಕೆಗೆ ಹೋದಾಗ ಡಾಕ್ಟರಮ್ಮ ಗಿಲಕಿಯನ್ನು ಕೂಸಿನ ಬಲಕ್ಕೆ ಹಿಡಿದರು. ಗೌರಿ ಎಡಗೈಯನ್ನೇ ಅಡ್ಡ ಚಾಚಿ ಕಿತ್ತುಕೊಂಡಳು. ತಾತನ ಥರವೇ ಎಂದು ಅವ್ವ ಹಿಗ್ಗಿದಳು.

"ಅಜ್ಜಿ, ಇಷ್ಟು ಚಿಕ್ಕ ಮಕ್ಳಿಗೆ ಎರಡು ಕೈನೂ ಒಂದೇ ಸಮ ಇರ್ಬೇಕು. ಈ ಕೈ ಯಾಕೆ ಸುಮ್ನಿದೆ ಅಂತ ನೋಡೋಣ," ಎಂದರು ಡಾಕ್ಟರಮ್ಮ.

ಬೆಂಗಳೂರಿನಲ್ಲಿ ಸ್ಕ್ಯಾನ್ ಆಯಿತು. ಹುಟ್ಟುವ ಹೊತ್ತಿಗೇ ಮೆದುಳಿನ ರಕ್ತನಾಳವೊಂದು ಕಟ್ಟಿಕೊಂಡು ಸ್ಟ್ರೋಕ್ ಆಗಿತ್ತಂತೆ. ಲಕ್ವ ಹೊಡೆಯುವುದು ಮುದುಕರಿಗೆ ಎಂದುಕೊಂಡಿದ್ದವರು ನಾವು. ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಬಸುರಿಯಾಗಿದ್ದಾಗ ಸವಿತಾ ಗ್ರಹಣ ನೋಡಿರಬೇಕು ಎಂದು ಪಕ್ಕದ ಬೀದಿಯ ಒಬ್ಬಾಕೆ ಅಂದಾಗ, ಅವ್ವ ಆಕೆಯ ಬಾಗಿಲಿಗೇ ಹೋಗಿ ಇನ್ನಷ್ಟು ಬಿಡಿಸಿ ಹೇಳಿ ಬಂದಳು.

ಆ ಮುಷ್ಟಿ ತೆರೆದೇ ತೆರೆಯುತ್ತದೆ ಎಂದು ಯಾರೂ ಮಾತು ಕೊಡಲಿಲ್ಲ. ಆಟದ ಹೊತ್ತಿನಲ್ಲಿ ಎಡಗೈಗೆ ಕಾಲುಚೀಲ ತೊಡಿಸಿ, ಬಲಗೈಗೆ ಕೆಲಸ ಕೊಡಿ ಎಂದರು ಥೆರಪಿಯವರು. ಅವ್ವನಿಗೆ ಅಷ್ಟು ಸಾಕಾಯಿತು. ಬಲಗೈಯಲ್ಲಿ ಇಸ್ಕೋ ಎಂದು ಊರಿಗೆಲ್ಲ ಹೇಳಿ ಬೈಸಿಕೊಳ್ಳುತ್ತಿದ್ದವಳಿಗೆ ಈಗ ಡಾಕ್ಟರ ಅಪ್ಪಣೆಯೇ ಸಿಕ್ಕಿತ್ತು. ಪಕ್ಕದ ಮನೆಯ ಷಮೀಮ್ ಆಪಾ ಕೂಡ ಇದೇ ಶಾಸ್ತ್ರದವರು. ಬಾಳೆಹಣ್ಣಿನ ಚೂರು ಹಿಡಿದು, "ಸೀದೇ ಹಾತ್ ಸೆ, ಬೇಟಾ," ಎಂದು ಬಲಗೈ ಮುಂದೆ ಬರುವುದನ್ನೇ ಕಾಯುತ್ತಿದ್ದರು. ಕೂಸು ಚೀಲದ ಕೈ ನೋಡಿ ಅರಚುತ್ತಿತ್ತು. ನಾನು ಮೆಲ್ಲಗೆ ಚೀಲ ಕಳಚಲು ಹೋದರೆ ಅವ್ವನ ಕಣ್ಣು ನನ್ನ ಮೇಲೇ ಇರುತ್ತಿತ್ತು. ಎಷ್ಟೋ ತಿಂಗಳ ಮೇಲೆ ಒಂದು ಚೂರು ಬಲಗೈಗೆ ಸಿಕ್ಕಿ, ಬಾಯಿ ತಪ್ಪಿ ಕೆನ್ನೆಗೆ ಮೆತ್ತಿಕೊಂಡಿತು. ನಾವೆಲ್ಲ ಅತ್ತೆವು, ಅವಳೊಬ್ಬಳೇ ನಕ್ಕಳು.

ಈಗ ಶಾಲೆಗೆ ಹೋಗುತ್ತಾಳೆ. ಬರೆಯುವುದು ಎಡಗೈಯಲ್ಲಿ. ಬಲಗೈ ಸೋಮಾರಿ, ಸಿಟ್ಟು ಬಂದಾಗಲಂತೂ ಬೆರಳು ಮಡಚಿಕೊಂಡುಬಿಡುತ್ತವೆ.

ಕಾಲುಚೀಲ ಹಿಡಿದು ಇಷ್ಟೆಲ್ಲ ನೆನೆಯುತ್ತಿರುವಾಗಲೇ ಅಂಗಳದಲ್ಲಿ ಗಲಾಟೆ. ರಜೆಗೆ ಬಂದಿರುವ ಅಕ್ಕನ ಮಗಳು ಸಿಂಚು ಕೆನ್ನೆ ಹಿಡಿದು ಅಳುತ್ತ ಒಳಗೆ ಬಂದಳು. ಜೋಕಾಲಿಗೆ ಜಗಳವಾಗಿ ಗೌರಿ ಹೊಡೆದಿದ್ದಳು. ಸವಿತಾ ಗದರಲು ಹೊರಟಳು. ಅವ್ವ ತಡೆದಳು.

"ಯಾವ್ ಕೈಲಿ ಹೊಡುದ್ಲು ಮಗಾ?"

ಸಿಂಚು ಬಿಕ್ಕುತ್ತ ತನ್ನ ಬಲಗೈ ಎತ್ತಿ ತೋರಿಸಿದಳು. ಅವ್ವ ಅವಳ ಮುಖವನ್ನು ಬೆಳಕಿಗೆ ತಿರುಗಿಸಿದಳು. ನಾವೂ ಬಗ್ಗಿದೆವು. ಪಾಪದ ಹುಡುಗಿ ಅಳುತ್ತಲೇ ನಿಂತಿದ್ದಳು, ನಾವು ಮೂವರೂ ಅವಳ ಕೆನ್ನೆಯನ್ನೇ ಕಣ್ತುಂಬ ನೋಡುತ್ತಿದ್ದೆವು. ಐದು ಬೆರಳೂ ಬಿಡಿಬಿಡಿಯಾಗಿ ಮೂಡಿದ್ದವು.