ಹಿತ್ತಾಳೆ ಹಳಿ ಹಾಸಿದ ಮೇಸ್ತ್ರಿ

ರೈಲು ಬಂದರೆ ಜನ ಎಂಜಿನ್ ನೋಡುತ್ತಾರೆ, ಕಿಟಕಿ ನೋಡುತ್ತಾರೆ. ಹಳಿ ನೋಡುವವರು ಯಾರೂ ಇಲ್ಲ. ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದ ಆಚೆಯವರೆಗಿನ ಹಳಿಯನ್ನು ಮೂವತ್ತನಾಲ್ಕು ವರ್ಷ ದಿನವೂ ನೋಡಿದ ಶ್ರೀ ಮುನಿನಾರಾಯಣಪ್ಪನವರು ಹೋದ ಮೇ ತಿಂಗಳಲ್ಲಿ ನಿವೃತ್ತರಾದರು. ಗ್ಯಾಂಗ್‌ಮನ್ ಆಗಿ ಸೇರಿ, ದಿನವೂ ಹಳಿಯುದ್ದಕ್ಕೂ ನಡೆದು ಕೀಲು ನೋಡುವ ಕೀಮನ್ ಆಗಿ ದುಡಿದು, ಮೇಸ್ತ್ರಿಯಾದ ಅವರಷ್ಟು ಹಳಿ ಬಲ್ಲವರು ಈ ಭಾಗದಲ್ಲಿ ಇನ್ನೊಬ್ಬರಿಲ್ಲ. ಇದ್ದಾರೆ ಎನ್ನುವವರು ನನ್ನೆದುರು ಬಂದು ಹೇಳಲಿ.

ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಸಿಟ್ಟಿಗೆದ್ದು ಸುತ್ತಿಗೆ ಬಿಸಾಕಿ ಹೊರಟವನು. ಅವರು ಆ ಸುತ್ತಿಗೆಯನ್ನು ಹೆಗಲ ಮೇಲೆ ಹೊತ್ತು ಹಲಸೂರಿನವರೆಗೂ ಹಿಂದೆಯೇ ಬಂದು, ದೋಸೆ ಕೊಡಿಸಿ, "ತಿಂದಾಯ್ತಾ ಕೆಂಪರಾಜ? ಹಿಡ್ಕೊ ಸುತ್ತಿಗೆ. ಸಿಟ್ಟು ಜಲ್ಲಿ ಮೇಲೆ ತೀರಿಸ್ಕೊ, ನಡಿ" ಎಂದರು. ನನ್ನ ತಾಯಿ ಆಸ್ಪತ್ರೆಯಲ್ಲಿದ್ದಾಗ ಹನ್ನೊಂದು ದಿನ ನನ್ನ ಪಾಳಿಯನ್ನೂ ತಾವೇ ನಡೆದರು. ಕೈ ಮುಗಿಯಲು ಹೋದರೆ, "ಸವೆದಿದ್ದು ನನ್ನ ಕಾಲು, ನಿಂಗೇನೋ?" ಎಂದು ಗದರಿದರು.

ಅವರಿಗೆ ಇದ್ದದ್ದು ಒಂದೇ ಹೆಮ್ಮೆ: ತಮ್ಮ ಹಳಿ ಕೆಟ್ಟು ಒಂದು ಗಾಡಿಯೂ ನಿಂತಿಲ್ಲ. ಅದು ದಾಖಲೆಯ ಮಾತು. ಅದನ್ನು ಹಾಗೆಯೇ ಉಳಿಸಿಕೊಂಡು ಮನೆಗೆ ಹೋಗಬೇಕೆಂಬುದು ಅವರ ಆಸೆ.

ಅದಕ್ಕೆ ಕಲ್ಲು ಹಾಕಿದವರು ನಾವು. ಬೀಳ್ಕೊಡುಗೆಗೆ ಶಾಲು, ತಟ್ಟೆ ಬೇಡವೆಂದು, ತೋಟದಲ್ಲಿ ಓಡಿಸುವ ಪುಟ್ಟ ರೈಲೊಂದನ್ನು ತಂದೆವು. ಎಂಜಿನ್ ಬಂತು, ಮೂರು ಬೋಗಿ ಬಂದವು, ಹಳಿಗಳ ಮೂಲಕ ಎಂಜಿನ್ನಿಗೆ ಕರೆಂಟು ಕೊಡುವ ಡಬ್ಬಿಯೂ ಬಂತು. ಹಳಿ ಮಾತ್ರ ತರಲಿಲ್ಲ. ಹಳಿ ಕಾಯುವ ಇಪ್ಪತ್ತು ಜನ ಸೇರಿ ಹಳಿಯನ್ನೇ ಮರೆತಿದ್ದೆವು! ಮೇಸ್ತ್ರಿಗಳು ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ನೋಡಿ, "ಇದೇನು ಹೊಲದಲ್ಲಿ ಓಡುತ್ತಾ?" ಎಂದರು. ಆಮೇಲೆ, ದೇವಸಂದ್ರದ ತಮ್ಮ ಹಿತ್ತಲಿನಲ್ಲಿ ನುಗ್ಗೆಮರ ಸುತ್ತಿ ಬರುವಂತೆ ಹಳಿಯನ್ನು ತಾವೇ ಹಾಸುವುದಾಗಿಯೂ, ಮುಂದಿನ ತಿಂಗಳು ಗ್ಯಾಂಗಿಗೆಲ್ಲ ಅಲ್ಲೇ ಊಟವೆಂದೂ ಘೋಷಿಸಿದರು.

ಹಳಿ ಯಾವ ಲೋಹದ್ದು ಎಂಬುದೇ ಪ್ರಶ್ನೆ. ಶಿವಾಜಿನಗರದಲ್ಲಿ ಲೋಹದ ಪಟ್ಟಿ, ಸರಳು ಮಾರುವ ಶಂಶುನ್ನೀಸಾ ಅವರ ಅಂಗಡಿಗೆ ಮೇಸ್ತ್ರಿಗಳೂ ನಾನೂ ಹೋದೆವು. ಅಲ್ಯೂಮಿನಿಯಂ ಹಗುರ, ಅಗ್ಗ ಎಂದು ನಾನು ಹೇಳಿದೆ. ಮೇಸ್ತ್ರಿಗಳು ಪಟ್ಟಿಯ ಮೇಲೆ ಕಾಲಿಟ್ಟರು; ಅದು ಸೊಟ್ಟಗಾಯಿತು. "ಇದು ಹಳಿನೋ ಹಪ್ಪಳನೋ? ರೈಲು ಅಂದ್ರೆ ಕಬ್ಬಿಣ ಕಣೋ" ಎಂದರು.

"ಕಬ್ಬಿಣ ಒಯ್ಯಿರಿ ಅಣ್ಣಾ," ಎಂದರು ಶಂಶುನ್ನೀಸಾ. "ಒಂದು ಮಳೆಗೆ ತುಕ್ಕು. ವಾರಾವಾರ ಉಜ್ಜೋಕೆ ಪೆನ್ಶನ್‌ನಲ್ಲಿ ಆಳು ಇಟ್ಕೊಳ್ಳಿ."

ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದು, ಆದರೆ ಬಾಗದು. ಮೇಸ್ತ್ರಿಗಳು ಅಂಗಡಿಯ ಕಂಬಕ್ಕೆ ಕಾಲು ಕೊಟ್ಟು ಎಳೆದರು, ನಾನೂ ಎಳೆದೆ. ಬಾಗಿದ್ದು ನಮ್ಮ ಸೊಂಟ. ಕೊನೆಗೆ ಉಳಿದದ್ದು ಹಿತ್ತಾಳೆ.

"ಹಿತ್ತಾಳೆಯಲ್ಲಿ ಚೊಂಬು ಮಾಡ್ತಾರೆ ಕಣಮ್ಮ," ಎಂದು ಮೇಸ್ತ್ರಿಗಳು ಮುಖ ಸಿಂಡರಿಸಿದರು.

"ಬಿಸಿಲು ಮಳೆಗೆ ಮುಖ ಕಪ್ಪಾಗುತ್ತೆ ಅಣ್ಣಾ, ಒಳಗೆ ಕೆಡಲ್ಲ. ನಿಮ್ಮ ಥರಾನೇ."

ಮೇಸ್ತ್ರಿಗಳು ಜೇಬಿನಿಂದ ದುಡ್ಡು ತೆಗೆದು ಎಣಿಸಿದರು. ಹಿತ್ತಾಳೆಯೇ ಬಂತು.

ಹಾಸಿದ್ದನ್ನು ನೋಡಬೇಕಿತ್ತು. ಹಳಿಯಡಿಗೆ ಅಡ್ಡಲಾಗಿ ತೇಗದ ಪುಟ್ಟ ಸ್ಲೀಪರುಗಳು, ಜರಡಿ ಹಿಡಿದ ಜಲ್ಲಿ, ಬಿಸಿಲಿಗೆ ಹಿಗ್ಗಲೆಂದು ಪ್ರತಿ ಜೋಡಣೆಯಲ್ಲೂ ಕೂದಲೆಳೆಯಷ್ಟು ಸಂದು, ಆ ಸಂದಿಗೆ ಎರಡೂ ಕಡೆ ತಿರುಪು ಹಾಕಿ ಹಳಿತುದಿಗಳನ್ನು ಹಿಡಿದಿಡುವ ಹಿತ್ತಾಳೆಯ ಪಟ್ಟಿ, ಅಂದರೆ ಫಿಶ್ ಪ್ಲೇಟು. ಊಟದ ಹಿಂದಿನ ದಿನ ರೈಲು ನಲವತ್ತು ಸುತ್ತು ಓಡಿತು.

ಮರುದಿನ ಗ್ಯಾಂಗೆಲ್ಲ ಸೇರಿತು. ಮೇಸ್ತ್ರಿಗಳು ಹಸಿರು ಬಾವುಟ ಬೀಸಿದರು. ಎಂಜಿನ್ ಒಂದು ಗೇಣು ಹೋಗಿ ನಿಂತಿತು. ತಳ್ಳಿದರೆ ಇನ್ನೊಂದು ಗೇಣು. ಆಮೇಲೆ ಅದೂ ಇಲ್ಲ. ಯಾರೋ ಹಿಂದಿನಿಂದ, "ಸಿಗ್ನಲ್ ಸಿಕ್ಕಿಲ್ವೇನೋ ಗುರು" ಎಂದ. ಮೇಸ್ತ್ರಿಗಳು ನಗಲಿಲ್ಲ. ಬಾವುಟ ಸುತ್ತಿ ಕಂಕುಳಿಗೆ ಸಿಕ್ಕಿಸಿದರು. ನನಗೆ ತಡೆಯಲಾಗಲಿಲ್ಲ, ಎಂಜಿನ್ ಮಾರಿದವನಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಅದಕ್ಕಾಗಿ ಆತನ ಕ್ಷಮೆಯನ್ನು ಇಲ್ಲಿಯೇ ಕೇಳಿಬಿಡುತ್ತೇನೆ.

ಮೇಸ್ತ್ರಿಗಳ ಮನೆಯವರು ಪಟಾಲಮ್ಮನವರು ಸೌಟು ಹಿಡಿದೇ ಹೊರಬಂದರು.

"ನಿನ್ನೆ ಓಡ್ತಲ್ರೀ. ಇವತ್ತು ಬೆಳಿಗ್ಗೆ ಏನ್ ಮಾಡಿದ್ರಿ?"

"ಏನೂ ಮಾಡಿಲ್ಲ ಕಣೆ."

"ಎಲ್ಲಿ, ಕೈ ತೋರ್ಸಿ."

ಮೊಣಕೈವರೆಗೂ ಕಪ್ಪು ಗ್ರೀಸು! ಬೆಳಿಗ್ಗೆ ಎದ್ದವರೇ ಇಪ್ಪತ್ತಾರು ಜೋಡಣೆಗಳನ್ನೂ ಬಿಚ್ಚಿ, ಫಿಶ್ ಪ್ಲೇಟುಗಳಿಗೆ ಗಟ್ಟಿಯಾಗಿ ಗ್ರೀಸು ಮೆತ್ತಿ, ಹಳಿ ಜಾರಾಡಲೆಂದು ತಿರುಪುಗಳನ್ನು ಸಡಿಲ ಬಿಟ್ಟು ಕೂರಿಸಿದ್ದರು. ದೊಡ್ಡ ಹಳಿಗೆ ಅದು ಧರ್ಮ. ನಾವೆಲ್ಲ ವರ್ಷ ವರ್ಷ ಮಾಡುವ ಕೆಲಸ. ಇಲ್ಲಿ ಫಿಶ್ ಪ್ಲೇಟಿನ ಮೂಲಕವೇ ಒಂದು ಹಳಿತುಂಡಿನಿಂದ ಮುಂದಿನದಕ್ಕೆ ಕರೆಂಟು ದಾಟಬೇಕು. ಗ್ರೀಸು ಅದರ ದಾರಿಗೆ ಗೋಡೆ ಕಟ್ಟಿತ್ತು.

"ಗ್ರೀಸ್ ಹಚ್ಚದೆ ಗಾಡಿ ಬಿಡೋದು ಹೆಂಗೆ?" ಎಂದರು ಮೇಸ್ತ್ರಿಗಳು, ಮೆಲ್ಲಗೆ.

ಪಟಾಲಮ್ಮನವರು ಸೀಗೆಪುಡಿ, ಹುಣಸೆಹಣ್ಣು ತಂದು ನಡುವೆ ಇಟ್ಟರು. "ಜಿಡ್ಡು ಬಿಟ್ಟಮೇಲೇ ಊಟ. ಕೂತ್ಕೊಳ್ಳಿ ಎಲ್ರೂ." ಇಪ್ಪತ್ತು ಜನ ಕುಕ್ಕರುಗಾಲಲ್ಲಿ ಕೂತು ಪಾತ್ರೆ ಬೆಳಗಿದಂತೆ ಹಳಿ ಬೆಳಗಿದೆವು, ತಿರುಪು ಬಿಗಿದೆವು. ಒಳಗೆ ಮುದ್ದೆ ಆರಿ ಕಲ್ಲಾಯಿತು. ನಿಂತ ಒಂದು ಗಂಟೆ ಐದು ನಿಮಿಷದ ಮೇಲೆ ರೈಲು ಹೊರಟು, ನುಗ್ಗೆಮರ ಸುತ್ತಿ, ಮೂರೂ ಬೋಗಿ ಎಳೆದುಕೊಂಡು ಬಂತು. ನಾವು ಕೂಗಿದ ಕೂಗಿಗೆ ಪಕ್ಕದ ಮನೆಯವರು ಮಹಡಿ ಹತ್ತಿ ನೋಡಿದರು.

ಊಟದ ಮಧ್ಯೆ ನಾನು, "ಅಣ್ಣಾ, ಇದು ಆಟದ ಗಾಡಿ, ಲೆಕ್ಕಕ್ಕಿಲ್ಲ ಬಿಡಿ. ನಿಮ್ಮ ಬಗ್ಗೆ ಬರೆಯೋ ಲೇಖನದಲ್ಲಿ ಇದನ್ನ ಬರೆಯಲ್ಲ" ಎಂದೆ. ಅವರು ತುತ್ತು ಕೆಳಗಿಟ್ಟರು.

"ನಿಂತಿದ್ದು ಗಾಡಿ ತಾನೇ? ಹಳಿ ನಂದು ತಾನೇ? ಬರಿ. ಬರೀದಿದ್ರೆ ಉಳಿದಿದ್ದೂ ಸುಳ್ಳು ಅಂದ್ಕೊತಾರೆ ಜನ."

ಆದ್ದರಿಂದ ಬರೆದಿದ್ದೇನೆ. ಶ್ರೀ ಮುನಿನಾರಾಯಣಪ್ಪನವರ ಹಳಿಯ ಮೇಲೆ, ಅವರ ತಪ್ಪಿನಿಂದ, ಒಂದು ಗಾಡಿ ಒಂದು ಗಂಟೆ ಐದು ನಿಮಿಷ ನಿಂತಿತ್ತು. ಅವರ ಮೊಣಕಾಲು ಗಟ್ಟಿಯಾಗಿರಲಿ, ಕಣ್ಣು ಚುರುಕಾಗಿರಲಿ. ಇನ್ನೂ ಬಹುಕಾಲ ಆ ಹಿತ್ತಲಿನ ಹಳಿಯ ಪಕ್ಕದಲ್ಲಿ ಬಗ್ಗಿ ನೋಡುತ್ತ ನಡೆಯಲಿ. ಇಂಥ ಎರಡನೆಯ ಸಾಲು ಬರೆಯುವ ಭಾಗ್ಯ ನನಗೆ ಎಂದೂ ಬಾರದಿರಲಿ.