ಜೋಡಿಸುಳಿ

ಆ ಕ್ಷೌರಿಕನಿಗೆ ಈ ದೊಡ್ಡ ಊರಿನ ಪರಿಚಯವಿದ್ದದ್ದು ಹಿಂದಿನಿಂದ. ಕುರ್ಚಿಯಲ್ಲಿ ಕೂತವರ ಮುಖ ಕನ್ನಡಿಯದು, ಕತ್ತು ತನ್ನದು ಎಂಬುದು ಅವನ ಲೆಕ್ಕ. ದಾರಿಯಲ್ಲಿ ಯಾರಾದರೂ ಎದುರಾಗಿ ನಕ್ಕರೆ ಯಾರೆಂದು ತಿಳಿಯದೆ ತಡಬಡಾಯಿಸುವನು. ಅವರು ದಾಟಿ ಹೋದ ಮೇಲೆ ತಿರುಗಿ ನೋಡಿ, ಓಹೋ, ಔಷಧಿ ಅಂಗಡಿಯವರಲ್ಲವೇ ಎಂದುಕೊಳ್ಳುವನು. ಇಷ್ಟು ಜನ ಭುಜಕ್ಕೆ ಭುಜ ತಾಗಿಸಿಕೊಂಡು ಓಡಾಡುವ ಊರಿನಲ್ಲಿ ಯಾರ ಹೆಸರೂ ಯಾರಿಗೂ ಬೇಕಿಲ್ಲ. ಆದರೂ ಎಷ್ಟೋ ಕತ್ತುಗಳು ತಾನು ಎಳೆದ ಗೆರೆಯನ್ನು ಹೊತ್ತು ಬಸ್ಸು ಹತ್ತುತ್ತವೆ, ಸಾಲಿನಲ್ಲಿ ನಿಲ್ಲುತ್ತವೆ, ಸೇತುವೆ ದಾಟುತ್ತವೆ ಎನ್ನುವುದು ಅವನಿಗೆ ಊರತುಂಬ ನೆಂಟರಿದ್ದಷ್ಟು ಧೈರ್ಯ.

ರೈಲಿನ ಮೇಲ್ಸೇತುವೆಯ ಕೆಳಗೆ ಅವನ ಅಂಗಡಿ. ಎರಡು ಕುರ್ಚಿ, ಒಂದು ಅವನದು, ಇನ್ನೊಂದು ಅವನ ಭಾಮೈದನದು. ಮೇಲೆ ರೈಲು ಹೋದಾಗ ಕನ್ನಡಿ ನಡುಗುತ್ತದೆ, ಕನ್ನಡಿಯೊಳಗಿನ ಗಿರಾಕಿಗಳೂ ನಡುಗುತ್ತಾರೆ. ಆಗ ಕತ್ತಿಯನ್ನು ಗಾಳಿಯಲ್ಲಿ ಹಿಡಿದು ನಿಲ್ಲಬೇಕು.

ಆ ಅಂಗಡಿಗೆ ಬರುವ ತಲೆಗಳಲ್ಲೆಲ್ಲ ಅವನಿಗೆ ಅಚ್ಚುಮೆಚ್ಚಿನದು ನೀರಿನ ಆಫೀಸಿನವರದು. ಆ ತಲೆಯ ಹಿಂಭಾಗದಲ್ಲಿ ಎರಡು ಸುಳಿ, ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಅಜಾಗರೂಕತೆಯಿಂದ ಕತ್ತರಿ ಆಡಿಸಿದರೆ ನಡುವಿನ ಕೂದಲು ಕೋಳಿಯ ಜುಟ್ಟಿನಂತೆ ಎದ್ದು ನಿಲ್ಲುತ್ತಿತ್ತು. ಅದನ್ನು ಮಟ್ಟ ಮಲಗಿಸುವ ಬಗೆ ಅವನ ಕೈಗೆ ಒಲಿದಿತ್ತು. ಅವರು ಮದುವೆಯಾಗುವ ಮೊದಲೇ ಆ ಕುರ್ಚಿಗೆ ಬಂದವರು. ಈಗ ಅವರ ಮಗಳಿಗೇ ಮದುವೆಯಾಗಿದೆ.

ಎರಡು ತಿಂಗಳಿಂದ ಅವರು ಬಂದಿರಲಿಲ್ಲ.

ಹುಷಾರಿಲ್ಲವೇನೋ, ಮಗಳ ಮನೆಗೆ ಹೋಗಿದ್ದಾರೇನೋ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ಅಂಗಡಿಗೆ ರಜೆಯಿದ್ದ ದಿನ ಹೆಂಡತಿಯ ಜೊತೆ ಬಸ್ಸಿನಲ್ಲಿ ಹೋಗುತ್ತಿದ್ದಾಗ, ಮೂರು ಸೀಟು ಮುಂದೆ ಆ ಕತ್ತು ಕಂಡಿತು. ಹೊಸದಾಗಿ ಕತ್ತರಿಸಿದ ಕೂದಲು. ಕಿವಿಯ ಹಿಂದೆ ಕತ್ತಿ ಎಳೆದ ಗೆರೆ ಇನ್ನೂ ಮಾಸಿರಲಿಲ್ಲ.

ಅವನು ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದ.

"ಯಾಕ್ರೀ, ಮುಖ ಹಿಂಗಾಯ್ತು? ತಲೆ ತಿರುಗ್ತಿದೆಯಾ?" ಎಂದಳು ಹೆಂಡತಿ.

"ಅಲ್ಲಿ ನೋಡು. ನೀರಿನ ಆಫೀಸಿನವರು."

"ಚೆನ್ನಾಗೇ ಇದ್ದಾರಲ್ಲ."

"ಅದೇ ಕಣೇ. ಚೆನ್ನಾಗಿದ್ದಾರೆ. ಯಾರ ಕೈಯಲ್ಲೋ ಮಾಡಿಸ್ಕೊಂಡಿದ್ದಾರೆ."

ಅವಳು ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. "ನಾನು ಹೋದ ವಾರ ಪಕ್ಕದ್ಮನೆಯವನ ಜೊತೆ ನಗ್ತಾ ಮಾತಾಡಿದ್ದು ನಿಮಗೆ ಕಾಣ್ಲೇ ಇಲ್ಲ. ಇದು ಕಂಡ್ತು ನೋಡಿ."

ನೀರಿನ ಆಫೀಸಿನವರು ಬೆಳೆದ ಗಡ್ಡ ಕೆರೆದುಕೊಳ್ಳುತ್ತ ಹಳೇ ಗಿರಣಿಯ ಸ್ಟಾಪಿನಲ್ಲಿ ಇಳಿದರು. ಅವನು ಕಿಟಕಿಯಿಂದ ಕತ್ತು ಚಾಚಿ, ಅವರು ಸಣ್ಣ ಗಲ್ಲಿಯೊಂದಕ್ಕೆ ತಿರುಗಿದ್ದನ್ನು ನೋಡಿಕೊಂಡ.

ಆ ವಾರವೆಲ್ಲ ಅವನ ಹೊಟ್ಟೆಯಲ್ಲಿ ಬೆಂಕಿ. ಎಂಥವನಿರಬಹುದು ಆ ಇನ್ನೊಬ್ಬ? ಕೂದಲಿಗೆ ಬಣ್ಣ ಬಳಿದುಕೊಂಡು, ಬಿಗಿ ಪ್ಯಾಂಟು ತೊಟ್ಟು, ತಣ್ಣನೆಯ ಗಾಳಿ ಬಿಡುವ ಮಿಷನ್ನು ಹಾಕಿಸಿರುವ ಯಾವನೋ ಹುಡುಗ. ಮಾಯಲಾಡಿ. ಬರುತ್ತಿದ್ದಂತೆ ಜ್ಯೂಸು ಕೊಡುತ್ತಾನೆ, ಭುಜ ಒತ್ತುತ್ತಾನೆ, ಅಂಕಲ್ ಎನ್ನುತ್ತಾನೆ. ಸುಳಿ ಎತ್ತ ತಿರುಗುತ್ತದೆಂದು ಅವನಿಗೇನು ಗೊತ್ತು? ಹೀಗೆ ಯೋಚಿಸುತ್ತ ಒಬ್ಬ ಗಿರಾಕಿಯ ಮೀಸೆಯ ಒಂದು ತುದಿಯನ್ನು ಹೆಚ್ಚಾಗಿ ಕತ್ತರಿಸಿ, ಸಮ ಮಾಡಲು ಹೋಗಿ, ಕೊನೆಗೆ ಮೀಸೆಯನ್ನೇ ತೆಗೆಯಬೇಕಾಯಿತು.

"ಭಾವ," ಎಂದ ಭಾಮೈದ, ಆ ಗಿರಾಕಿ ತುಟಿ ಸವರಿಕೊಳ್ಳುತ್ತ ಹೋದ ಮೇಲೆ. "ಎರಡು ಸುಳಿ ಇದ್ದೋರಿಗೆ ಎರಡು ಮದುವೆ ಅಂತಾರೆ. ಪಾಪ, ಅವರು ಮನೇಲಿ ಒಂದಕ್ಕೇ ಸುಸ್ತಾಗಿರ್ಬೇಕು. ಅದಕ್ಕೆ ಎರಡನೇದನ್ನ ಕ್ಷೌರದಲ್ಲಿ ತೀರಿಸ್ಕೊಂಡಿದ್ದಾರೆ."

"ಬಾಯಿ ಮುಚ್ಕೊಂಡು ಕಸ ಗುಡಿಸು."

"ಗುಡಿಸ್ತೀನಿ ಬಿಡಿ. ಸವತಿಯನ್ನ ಒಂದ್ಸಲ ನೋಡ್ಕೊಂಡಾದ್ರೂ ಬನ್ನಿ. ಇಲ್ದಿದ್ರೆ ನಮ್ಮ ಬೀದೀಲಿ ಯಾರ್ಗೂ ಮೀಸೆ ಉಳಿಯಲ್ಲ."

ಮುಂದಿನ ರಜೆಗೆ ಅವನು ಹೋದ. ಗಿರಾಕಿಯ ವೇಷದಲ್ಲಿ ಕುರ್ಚಿಯೇರಿ, ಆ ಮಾಯಲಾಡಿಯ ಕೈಚಳಕ ಏನೆಂದು ನೋಡಿಬಿಡಬೇಕು ಎಂಬುದು ಅವನ ಹಂಚಿಕೆ. ಗಲ್ಲಿಯಲ್ಲಿ ಬೀಗ ರಿಪೇರಿಯವನನ್ನು ಕೇಳಿದರೆ, ಇಲ್ಲಿರುವುದು ಒಂದೇ ಕಟಿಂಗ್ ಶಾಪು ಎಂದು ಬೆರಳು ತೋರಿಸಿದ.

ಎರಡು ಗೋಡೆಗಳ ನಡುವಿನ ಸಂದಿಗೆ ಬಾಗಿಲಿಟ್ಟಂತಿದ್ದ ಅಂಗಡಿ. ಒಂದೇ ಕುರ್ಚಿ. ತಣ್ಣನೆಯ ಗಾಳಿಯಿಲ್ಲ, ಟೀವಿಯಿಲ್ಲ. ಕನ್ನಡಿಯ ಮೂಲೆಯಲ್ಲಿ ಪಾದರಸ ಎದ್ದಿತ್ತು. ದಪ್ಪ ಗಾಜಿನ ಕನ್ನಡಕದ ಮುದುಕನೊಬ್ಬ ಕತ್ತಿಯನ್ನು ಬೆಲ್ಟಿಗೆ ತಿಕ್ಕುತ್ತ ನಿಂತಿದ್ದ.

ಕ್ಷೌರಿಕನಿಗೆ ಅಳು ಬಂದಂತಾಯಿತು. ಹುಡುಗನಾಗಿದ್ದರೆ ಬೈಯಬಹುದಿತ್ತು, ಕಾಲ ಕೆಟ್ಟಿತು ಎನ್ನಬಹುದಿತ್ತು. ಇವನನ್ನು ಏನೆಂದು ಬೈಯುವುದು?

ಅವನು ಕುರ್ಚಿಯೇರಿದ. ಮುದುಕ ಬಟ್ಟೆ ಹೊದಿಸಿ ಕತ್ತರಿ ತೆಗೆದ. ಅರ್ಧ ತಲೆಯಾಗುವವರೆಗೆ ಕತ್ತರಿಯ ಸದ್ದೊಂದೇ. ಕೈ ಹಗುರವಾಗಿತ್ತು, ಹಾಳಾದದ್ದು. ತಪ್ಪು ಹುಡುಕಲು ಕನ್ನಡಿಯಲ್ಲಿ ಕಣ್ಣು ನೆಟ್ಟಿದ್ದವನಿಗೆ ಅರಿವಿಲ್ಲದೆಯೇ ಕಣ್ಣು ಮುಚ್ಚತೊಡಗಿತು.

"ನಿಮ್ಮಂಗಡಿ ಎಲ್ಲಿ?" ಎಂದ ಮುದುಕ ಇದ್ದಕ್ಕಿದ್ದಂತೆ.

ಅವನು ಬೆಚ್ಚಿದ. "ನಂದಾ? ನಾನು ತರಕಾರಿ ವ್ಯಾಪಾರ ಯಜಮಾನರೇ."

"ತರಕಾರಿಯವರು ತಮ್ಮ ಕಿವಿ ತಾವೇ ಮಡಚಿ ಹಿಡ್ಕೊಳಲ್ಲ, ತಮ್ಮಾ. ಹೇಳೋಕೆ ಮುಂಚೆ ಗದ್ದ ಇಳಿಸಲ್ಲ."

ನೋಡಿದರೆ ನಿಜವಾಗಿಯೂ ಅವನ ಬಲಗೈ ಬಟ್ಟೆಯಡಿಯಿಂದ ಹೊರಬಂದು ಕಿವಿಯನ್ನು ಮಡಚಿ ಹಿಡಿದಿತ್ತು. ಕೈಗೆ ನಾಚಿಕೆಯಾದಂತೆ ಅದು ಮೆಲ್ಲಗೆ ಒಳಗೆ ಸರಿಯಿತು. ಅವನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಗಡ್ಡ ಸವರಿಕೊಳ್ಳುತ್ತ ಒಳಗೆ ಬಂದವರು ನೀರಿನ ಆಫೀಸಿನವರು.

ಕನ್ನಡಿಯಲ್ಲಿ ಮೂವರೂ ಒಬ್ಬರನ್ನೊಬ್ಬರು ನೋಡಿದರು. ಒಂದು ಕಡೆ ಕೂದಲು ಇಳಿದು ಇನ್ನೊಂದು ಕಡೆ ಹಾಗೇ ಇದ್ದ ತಲೆಯಲ್ಲಿ ಎದ್ದು ಓಡುವಂತೆಯೂ ಇರಲಿಲ್ಲ.

"ನೀವೇನು ಇಲ್ಲಿ?" ಎಂದರು ನೀರಿನ ಆಫೀಸಿನವರು. ಕದ್ದು ಸಿಕ್ಕಿಬಿದ್ದ ಕಳೆ ಅವರ ಮುಖದ ಮೇಲೂ ಇತ್ತು.

"ನೀವು ಬಂದದ್ದಕ್ಕೇ ಬಂದೆ ಸಾರ್." ಅವನ ದನಿ ತಾನೆಣಿಸಿದ್ದಕ್ಕಿಂತ ಸಣ್ಣದಾಗಿ ಬಂತು. "ನನ್ನ ಕೈಯಲ್ಲಿ ಏನು ತಪ್ಪಾಯ್ತು? ಒಂದು ಗಾಯ ಮಾಡಿದ್ನಾ? ಒಂದು ದಿನ ಜುಟ್ಟು ಎದ್ದಿತ್ತಾ?"

"ಕೈಯಲ್ಲಿ ಏನೂ ತಪ್ಪಿಲ್ಲ."

"ಮತ್ತೆ?"

ಅವರು ಬೆಂಚಿನ ತುದಿಯಲ್ಲಿ ಕೂತು ಮಂಡಿಯ ಮೇಲೆ ಕೈಯಿಟ್ಟುಕೊಂಡರು. ಮುದುಕ ಕತ್ತರಿ ನಿಲ್ಲಿಸಲಿಲ್ಲ.

"ಪ್ರತಿ ಸಲ ನೀವು ಬಟ್ಟೆ ಹೊದಿಸ್ತಾ ಒಂದು ಮಾತು ಹೇಳ್ತೀರಿ. ಏನ್ ಕೂದ್ಲಿತ್ತು ಸಾರ್ ನಿಮಗೆ ಆಗ, ಬಾಚಣಿಗೆ ಸಿಕ್ಕಾಕ್ಕೊಳ್ತಿತ್ತು, ಅಂತ. ಪಕ್ಕದ ಕುರ್ಚಿಯವನು ತಿರುಗಿ ನೋಡ್ತಾನೆ. ನಿಮ್ಮ ಬೆರಳು ಸುಳಿ ಹತ್ರ ಬಂದು ನಿಲ್ಲುತ್ತೆ. ಎಷ್ಟು ಹೋಯ್ತು ಅಂತ ಅಳೀತಿದೆ ಅನ್ಸುತ್ತೆ ನನಗೆ."

"ಅಯ್ಯೋ, ಅದು ಹೊಗಳಿದ್ದು ಸಾರ್."

"ಹೊಗಳಿದ್ದೇ ಇರಬಹುದು. ಮನೆಗೆ ಹೋಗಿ ಎರಡು ದಿನ ಟೊಪ್ಪಿಗೆ ಹಾಕ್ಕೊಂಡಿರ್ತಿದ್ದೆ." ಅವರು ಮುದುಕನ ಕಡೆ ಗದ್ದ ತೋರಿಸಿದರು. "ಇವರಿಗೆ ನನ್ನ ಹಳೇ ತಲೆ ಗೊತ್ತಿಲ್ಲ. ಇಲ್ಲಿ ನಾನು ಮೊದಲಿಂದಲೂ ಹೀಗೇ ಇದ್ದವನು. ಇಷ್ಟು ದೊಡ್ಡ ಊರಲ್ಲಿ ಅಂಥದ್ದೊಂದು ಜಾಗ ಸಿಕ್ತು, ಅಷ್ಟೇ."

ಮೇಲೆ ರೈಲು ಹೋಗಲಿ, ಕನ್ನಡಿ ನಡುಗಲಿ, ಉತ್ತರ ಹೇಳದೆ ಇರಲು ಒಂದು ನೆಪ ಸಿಗಲಿ ಎಂದು ಅವನು ಹಾರೈಸಿದ. ಆ ಗಲ್ಲಿಯ ಮೇಲೆ ರೈಲೂ ಇರಲಿಲ್ಲ. ಆ ತಲೆಯನ್ನು ತನ್ನಷ್ಟು ಬಲ್ಲವರಿಲ್ಲ ಎಂದು ಬೀಗಿದ್ದನಲ್ಲ, ಬಲ್ಲೆನೆಂದೇ ಅದು ತನ್ನ ಕುರ್ಚಿ ಬಿಟ್ಟು ಇಲ್ಲಿಗೆ ಎದ್ದು ಬಂದಿದೆ. ಏನೂ ಗೊತ್ತಿಲ್ಲದ ಈ ಮುದುಕ ಏನೂ ಗೊತ್ತಿಲ್ಲದೆಯೇ ಗೆದ್ದಿದ್ದಾನೆ. ಅವನ ಮೇಲಿನ ಉರಿ ತಣಿಯಲಿಲ್ಲ; ಕೂಗಾಡುವ ಹಕ್ಕು ಮಾತ್ರ ಹೋಯಿತು.

"ಇನ್ನೊಂದು ಕಿವಿ," ಎಂದ ಮುದುಕ. ಅವನು ತಾನೇ ಮಡಚಿ ಹಿಡಿದ.

ಮನೆಗೆ ಬಂದಾಗ ಹೆಂಡತಿ ಅವನ ಸುತ್ತ ಒಂದು ಸುತ್ತು ಬಂದಳು. "ಸವತಿ ಮನೇಲಿ ಚೆನ್ನಾಗಿ ಉಪಚಾರ ಆಗಿದೆ," ಎಂದಳು. "ನನ್ನ ತಮ್ಮ ಯಾವತ್ತೂ ನಿಮ್ಮ ಹಿಂದಲೆ ಇಷ್ಟು ನೀಟಾಗಿ ಮಾಡಿರ್ಲಿಲ್ಲ." ಆ ರಾತ್ರಿ ಅವನು ಬಚ್ಚಲಿನ ಕನ್ನಡಿಗೆ ಬೆನ್ನು ಹಾಕಿ, ಕೈಗನ್ನಡಿ ಹಿಡಿದು, ತನ್ನ ಕತ್ತಿನ ಮೇಲೆ ಇನ್ನೊಬ್ಬ ಎಳೆದ ನೇರ ಗೆರೆಯನ್ನು ಬಹಳ ಹೊತ್ತು ನೋಡಿದ.

ಅದಾಗಿ ಕೆಲವು ವಾರಗಳ ಮೇಲೆ ಒಂದು ಭಾನುವಾರ ಬೆಳಿಗ್ಗೆ ನೀರಿನ ಆಫೀಸಿನವರು ಅಂಗಡಿಯ ಬಾಗಿಲಲ್ಲಿ ನಿಂತಿದ್ದರು.

"ಗಡ್ಡ ಮಾತ್ರ," ಎಂದರು. "ಆ ಗಲ್ಲಿಯ ಯಜಮಾನರಿಗೆ ಕಣ್ಣು ಮಂಜು. ಕತ್ತಿ ಗಂಟಲ ಹತ್ರ ಬಂದರೆ ನನಗೆ ಜೀವ ಬಾಯಿಗೆ ಬರುತ್ತೆ."

ಭಾಮೈದ ಪಕ್ಕದ ಕುರ್ಚಿಯಿಂದ ಮೆಲ್ಲಗೆ, "ಒಂದು ಮನೇಲಿ ಊಟ, ಇನ್ನೊಂದು ಮನೇಲಿ ನಿದ್ದೆ," ಎಂದ. ಭಾವ ಒಂದು ನೋಟ ನೋಡಿದ್ದೇ ತಡ, ಅವನು ಬಾಯಿ ಮುಚ್ಚಿದ.

ಕ್ಷೌರಿಕ ಬಟ್ಟೆ ಹೊದಿಸಿದ. ನಾಲಗೆಯ ತುದಿಗೆ ಬಂದ ಹಳೆಯ ಮಾತನ್ನು ಉಗುಳಿನ ಜೊತೆ ನುಂಗಿದ. ಬಿಸಿನೀರು, ನೊರೆ, ಕತ್ತಿ. ರೈಲು ಬಂತು, ಅವನು ಕತ್ತಿ ಎತ್ತಿ ಹಿಡಿದ; ರೈಲು ಹೋಯಿತು, ಇಳಿಸಿದ. ಒದ್ದೆ ಟವಲು ಮುಖದ ಮೇಲೆ ಬಿದ್ದಾಗ ಅವರು ನಿದ್ದೆಹೋಗಿದ್ದರು. ಇಷ್ಟು ವರ್ಷಗಳಲ್ಲಿ ಅವರು ಆ ಕುರ್ಚಿಯಲ್ಲಿ ಒಂದು ಸಲವೂ ನಿದ್ದೆ ಮಾಡಿದವರಲ್ಲ.

ಆಗ ಅವನ ಕಣ್ಣು ವಾಲಿದ್ದ ತಲೆಯ ಹಿಂಬದಿಗೆ ಹೋಯಿತು. ಬೇಡವೆಂದರೂ ಹೋಯಿತು. ಕೂದಲು ತೆಳುವಾಗಿತ್ತು, ಮುದುಕನ ಕೆಲಸ ಒಪ್ಪವಾಗಿತ್ತು. ಆದರೆ ಎರಡು ಸುಳಿಗಳ ನಡುವೆ, ಮಂಜುಗಣ್ಣಿಗೆ ತಪ್ಪಿಸಿಕೊಂಡು, ಕೂದಲಿನ ಒಂದು ಸಣ್ಣ ಕುಚ್ಚು ನೆಟ್ಟಗೆ ನಿಂತಿತ್ತು.

ಅವನು ಅತ್ತಿತ್ತ ನೋಡಿದ. ಭಾಮೈದ ಬೇಕೆಂದೇ ಬೀದಿಯ ಕಡೆ ತಿರುಗಿದ್ದ. ಕತ್ತರಿ ತಾನಾಗಿ ಕೈಗೆ ಬಂತು.

ಕಚಕ್. ಕುಚ್ಚು ಕುರ್ಚಿಯ ಪಕ್ಕ ನೆಲಕ್ಕೆ ಬಿತ್ತು.

"ಏನದು?" ಎಂದರು ಅವರು ಟವಲಿನ ಕೆಳಗಿನಿಂದ.

"ಏನಿಲ್ಲ ಸಾರ್. ನೊಣ."

ಆ ದಿನ ಭಾಮೈದ ಪೊರಕೆ ಹಿಡಿದು ಬಂದಾಗ, "ನನ್ನ ಕುರ್ಚಿಯ ಸುತ್ತ ನಾನೇ ಗುಡಿಸ್ತೀನಿ ಬಿಡು," ಎಂದ ಅವನು.