ಮೊಣಕಾಲಿಗೆ ಕೇಳಿದರೆ ಎದೆಗೆ ಬಂದ ಚೀಟಿ

ದೆವ್ವ, ಶಕುನ, ದೃಷ್ಟಿ ಎಂದವರನ್ನೆಲ್ಲ ಗೇಲಿ ಮಾಡಿಕೊಂಡೇ ಬಂದವನು ನಾನು. ಈಗಲೂ ಮಾಡುತ್ತೇನೆ. ಮುಂಬಯಿ ಹತ್ತಿರದ ಡೊಂಬಿವಲಿಯ ಆ ಕ್ಲಿನಿಕ್ಕಿನ ಮೆಷಿನ್ ಒಂದನ್ನು ಬಿಟ್ಟು.

ಎಂಟು ಹತ್ತು ವರ್ಷದ ಹಿಂದಿನ ಮಾತು. ಅಲ್ಲಿಯವರೆಗೆ ಆ ಕ್ಲಿನಿಕ್ಕಿನಲ್ಲಿ ಲೋಕಲ್ ಟ್ರೇನಿನದೇ ಕಾಯಿದೆ. ಬೆಂಚಿನ ಮೇಲೆ ಕರವಸ್ತ್ರ ಹಾಕಿ ಚಹಾ ಕುಡಿದು ಬಂದರೂ ಸರದಿ ನಿಮ್ಮದೇ. ಒಂದು ದಿನ ಬಾಗಿಲ ಪಕ್ಕ ಮೆಷಿನ್ ಬಂದು ಕೂತಿತು. ಪರದೆಯ ಮೇಲೆ ಹೆಸರು, ವಯಸ್ಸು, ಕಾಯಿಲೆ ಒತ್ತಿದರೆ ನಂಬರಿನ ಚೀಟಿ. ಕರವಸ್ತ್ರದ ಕಾಲ ಮುಗಿಯಿತು.

ನಾನು ಹೋದದ್ದು ಹೆಂಡತಿಯ ಮೊಣಕಾಲು ನೋವಿಗೆ. ನಿಜ ಹೇಳುತ್ತೇನೆ, ನನಗೂ ಒಂದು ನೋವಿತ್ತು. ಸ್ಟೇಷನ್ನಿನ ಸೇತುವೆ ಹತ್ತುವಾಗ ಎದೆ ಹಿಂಡುತ್ತಿತ್ತು. ಮಗಳ ಮದುವೆಗೆ ಇಪ್ಪತ್ತೇ ದಿನ. ಬಾಯಿ ಬಿಟ್ಟರೆ ಮದುವೆ ಮುಂದೆ ಹೋದೀತೆಂದು ಹೆದರಿ ದೇವರಿಗೂ ಹೇಳಿರಲಿಲ್ಲ.

ಹೆಂಡತಿಯನ್ನು ಕೂರಿಸಿ, ಒಂದೇ ಬೆರಳಲ್ಲಿ ಅವಳ ಹೆಸರು ಒತ್ತಿದೆ, ಮೊಣಕಾಲು ಒತ್ತಿದೆ. ಚೀಟಿಯಲ್ಲಿ ಬಂದದ್ದು ನನ್ನ ಹೆಸರು, ನನ್ನ ವಯಸ್ಸು, ಕೆಳಗೆ ‘ಚೆಸ್ಟ್ ಪೇನ್’. ಮುದುರಿ ಕಿಸೆಗೆ ಹಾಕಿ ಮತ್ತೆ ಒತ್ತಿದೆ. ಅದೇ. ಕನ್ನಡಕ ಒರೆಸಿ ಮೂರನೆಯ ಸಲ ಒತ್ತಿದೆ. ಅದೇ ಮಾರಾಯ್ರೆ! ನಾನು ಅಲ್ಲಿ ಒಮ್ಮೆಯೂ ತೋರಿಸಿಕೊಂಡವನಲ್ಲ. ಹಿಂದಿನವರು ಗೊಣಗತೊಡಗಿದರು. ಕೌಂಟರಿನ ಮರಾಠಿ ಹೆಂಗಸು ಬಂದು ಒತ್ತಿದಾಗ ಮಾತ್ರ ಹೆಂಡತಿಯ ಚೀಟಿ ಸರಿಯಾಗಿ ಬಂತು.

ಅಷ್ಟರಲ್ಲಿ ಡಾಕ್ಟರ ಕಂಪ್ಯೂಟರ್ ಪರದೆಯಲ್ಲಿ ನಾನು ಮೂವರು ರೋಗಿಗಳಾಗಿ ಕೂತಿದ್ದೆ. ಅದನ್ನು ಡಾಕ್ಟರೇ ಅಳಿಸಬೇಕು ಕಾಕಾ ಎಂದಳು ಆಕೆ. ಅಳಿಸಲು ಹೇಳುವುದಕ್ಕೆಂದೇ ಒಳಗೆ ಹೋದೆ. ಡಾಕ್ಟರು ಅಳಿಸಲಿಲ್ಲ, ಮಲಗಿಸಿದರು. ಇಸಿಜಿ ನೋಡಿದವರೇ ಪಕ್ಕದ ಥಾಣೆ ನಗರದ ಆಸ್ಪತ್ರೆಗೆ ಸಾಗಿಸಿದರು. ಎರಡು ಸ್ಟೆಂಟ್ ಹಾಕಿದರು. ಇನ್ನೊಂದು ವಾರ ಸೇತುವೆ ಹತ್ತಿದ್ದರೆ ಮಂಟಪದಲ್ಲಿ ನನ್ನ ಫೋಟೋ ಇರುತ್ತಿತ್ತಂತೆ, ಹಾರ ಹಾಕಿಕೊಂಡು. ಮದುವೆ ಹೇಳಿದ ದಿನವೇ ಆಯಿತು. ಕುರ್ಚಿಯಲ್ಲಿ ಕೂತು ಧಾರೆ ಎರೆದೆ, ಅತ್ತೂ ಬಿಟ್ಟೆ.

ಮೆಷಿನ್ ರಿಪೇರಿಯವನು ಬಂದು, ದೋಷವೇನೂ ಇಲ್ಲ ಎಂದನಂತೆ. ಗೆಳೆಯರು ನನ್ನ ಬೆರಳೇ ತಪ್ಪಿತೆನ್ನುತ್ತಾರೆ. ಮೂರು ಸಲವೂ? ನನಗಿನ್ನೂ ತಿಳಿದಿಲ್ಲ. ಹೆಂಡತಿಗೆ ಮಾತ್ರ ಅನುಮಾನವೇ ಇಲ್ಲ.

“ನನ್ನತ್ರ ಹೇಳ್ಲಿಕ್ಕೆ ಆಗ್ಲಿಲ್ಲ ನಿಮ್ಗೆ,” ಎನ್ನುತ್ತಾಳೆ ಇಂದಿಗೂ. “ಆ ಡಬ್ಬದತ್ರ ಹೇಳಿದ್ರಿ.”

ಈಗ ಸಣ್ಣ ತಲೆನೋವು ಬಂದರೂ ಮೊದಲು ಅವಳಿಗೇ ಹೇಳುತ್ತೇನೆ. ಮೆಷಿನ್ ಮೊದಲೇ ಹೇಳಿಬಿಟ್ಟರೆ ನನ್ನ ಗತಿ?